ಪ್ಯಾರಿಸ್‌ನಿಂದ ಧಾರವಾಡಕ್ಕೆ ಬಂದ ಐಕ್ಯೂ

ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಹೇಳಿ. ಕ್ರಿಸ್ಕೋ ಅಂದ್ರೆ ಏನು? ಔಷಧಿಯಾ? ಕ್ರಿಮಿನಾಶಕವಾ? ಟೂತ್‌ಪೇಸ್ಟಾ? ತಿನ್ನೋ ಪದಾರ್ಥವಾ?

ಗೊತ್ತಿಲ್ಲ ಅಲ್ವಾ? ಹಾಗಾದ್ರೆ ಮೊದಲ ಮಹಾಯುದ್ಧದ ಕಾಲದ ಅಮೆರಿಕ ಸೇನೆಯ ಲೆಕ್ಕದಲ್ಲಿ ನಿಮ್ಮ ಬುದ್ಧಿಶಕ್ತಿಗೆ ಒಂದು ಅಂಕ ಕಡಿಮೆ. ಕ್ರಿಸ್ಕೋ ಅನ್ನೋದು ಅಲ್ಲಿನ ಅಡುಗೆ ಕೊಬ್ಬಿನ ಬ್ರಾಂಡ್. ನಮ್ಮಲ್ಲಿ ಡಾಲ್ಡಾ ಇದ್ದ ಹಾಗೆ. ನೆನಪಿಡಿ, ಇದು ಸಾಮಾನ್ಯ ಜ್ಞಾನದ ಕ್ವಿಜ್ ಅಲ್ಲ. ಹುಟ್ಟಿನಿಂದ ಬಂದ ಬುದ್ಧಿಯನ್ನು ಅಳೆಯುತ್ತೇವೆ ಅಂತ ಹೇಳಿ, ಸುಮಾರು 17 ಲಕ್ಷ ಜನರನ್ನು ಕೂರಿಸಿ ಬರೆಸಿದ ಪರೀಕ್ಷೆ. ಓದು ಬರಹ ಬಾರದವರಿಗೆ ಚಿತ್ರಗಳ ಪರೀಕ್ಷೆಯೂ ಇತ್ತು. ಅದರಲ್ಲಿ ಟೆನಿಸ್ ಅಂಗಳದ ಚಿತ್ರ ಕೊಟ್ಟು, ಏನು ಬಿಟ್ಟುಹೋಗಿದೆ ಗುರುತಿಸಿ ಅಂದರು. ನೆಟ್ ಬಿಟ್ಟುಹೋಗಿತ್ತು. ಇಟಲಿಯ ಹಳ್ಳಿಯಿಂದ ನಿನ್ನೆ ಮೊನ್ನೆ ಬಂದ ಕೂಲಿಯವನು ಟೆನಿಸ್ ಎಲ್ಲಿ ನೋಡಿರ್ತಾನೆ ಸ್ವಾಮಿ?

ಇದು ಹೀಗೆ ಶುರುವಾಗಿದ್ದಲ್ಲ. 1904ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಸಮಿತಿ ಮಾಡಿತು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ, ಅವರಿಗೆ ಬೇರೆ ರೀತಿಯ ಪಾಠ ಕೊಡಬೇಕಿತ್ತು. ಮೇಷ್ಟ್ರು 'ಇವನು ದಡ್ಡ' ಅಂದರೆ ಸಾಕಾ? ಸಾಲದು ಅಂತ ಮನಃಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ 30 ಸಣ್ಣ ಕೆಲಸಗಳ ಪಟ್ಟಿ ಮಾಡಿದರು, ಸುಲಭದಿಂದ ಕಷ್ಟಕ್ಕೆ. 1908ರಲ್ಲಿ ಅದನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಆರು ವರ್ಷದ ಹೆಚ್ಚಿನ ಮಕ್ಕಳು ಮಾಡಬಲ್ಲ ಕೆಲಸ ಆರನೇ ವರ್ಷದ ಸಾಲಿಗೆ. ಅಷ್ಟೇ ಸರಳ. ಬುದ್ಧಿ ಅನ್ನೋದು ಕಲ್ಲಲ್ಲಿ ಕೆತ್ತಿದ ಸಂಖ್ಯೆ ಅಂತ ಬಿನೆ ಎಂದೂ ನಂಬಲಿಲ್ಲ. ತರಬೇತಿ ಕೊಟ್ಟರೆ ಅದು ಬೆಳೆಯುತ್ತೆ ಅಂತಲೇ ವಾದಿಸಿದ. 1911ರಲ್ಲಿ ತೀರಿಕೊಂಡ.

ಆಮೇಲೆ ಪರೀಕ್ಷೆ ಅಟ್ಲಾಂಟಿಕ್ ದಾಟಿತು. 1916ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಅದನ್ನು ಹಿಗ್ಗಿಸಿ, ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ. ಹತ್ತು ವರ್ಷದ ಹುಡುಗ ಎಂಟು ವರ್ಷದವನಷ್ಟೇ ಉತ್ತರಿಸಿದರೆ ಐಕ್ಯೂ 80. ಒಂದೇ ಸಂಖ್ಯೆ, ಹಣೆಗೆ ಅಂಟಿಸಿಬಿಡಬಹುದು! ಅದೇ ಆಗಿದ್ದು. ಪ್ರಿನ್ಸ್‌ಟನ್‌ನ ಕಾರ್ಲ್ ಬ್ರಿಗಮ್ 1923ರಲ್ಲಿ ಸೇನೆಯ ಅಂಕಗಳನ್ನಿಟ್ಟುಕೊಂಡು, ಉತ್ತರ ಯುರೋಪಿನವರೇ ಶ್ರೇಷ್ಠ, ದಕ್ಷಿಣ ಮತ್ತು ಪೂರ್ವ ಯುರೋಪಿನವರು ಕೀಳು ಅಂತ ಪುಸ್ತಕವನ್ನೇ ಬರೆದ. ಮಾರನೇ ವರ್ಷ ಅಮೆರಿಕ ಅದೇ ಜನರ ವಲಸೆಗೆ ಬಾಗಿಲು ಹಾಕಿತು. ಕಾನೂನು ಬಂದಿದ್ದು ಪುಸ್ತಕ ಒಂದರಿಂದಲೇ ಅಲ್ಲ, ಆದರೆ ಆ ಗಾಳಿಗೆ ಇದೂ ಸೇರಿತ್ತು. 1926ರಲ್ಲಿ ಇದೇ ಬ್ರಿಗಮ್ ಕಾಲೇಜು ಪ್ರವೇಶಕ್ಕೆ ಎಸ್‌ಎಟಿ ಪರೀಕ್ಷೆ ರೂಪಿಸಿದ. 1930ರಲ್ಲಿ? ತನ್ನ ಆ ಹಳೆಯ ಅಧ್ಯಯನಕ್ಕೆ ಆಧಾರವೇ ಇಲ್ಲ ಅಂತ ತಾನೇ ಬರೆದುಕೊಂಡ. ಬಾಗಿಲು ಮಾತ್ರ ತೆರೆಯಲಿಲ್ಲ.

ಈಗ ನಮ್ಮೂರಿಗೆ ಬನ್ನಿ.

ಸ್ಟ್ಯಾನ್‌ಫರ್ಡ್ ಪರೀಕ್ಷೆಯಲ್ಲಿ ಆರು ವರ್ಷದ ಮಗು ನಿಕಲ್, ಡೈಮ್ ನಾಣ್ಯಗಳ ಹೆಸರು ಹೇಳಬೇಕಿತ್ತು. ಆಣೆ, ಪೈ ನೋಡಿದ ಮಗುವಿಗೆ ಅದನ್ನು ಕೇಳೋದು ಹೇಗೆ? 1930ರ ದಶಕದಲ್ಲಿ ಧಾರವಾಡದಲ್ಲಿ ವಿ.ವಿ. ಕಾಮತ್ ಈ ಕೆಲಸಕ್ಕೆ ಕೂತರು. ಆಗ ಧಾರವಾಡ ಮುಂಬೈ ಪ್ರಾಂತ್ಯದ್ದು, ಅದಕ್ಕೇ ಇದರ ಹೆಸರು 'ಬಾಂಬೆ-ಕರ್ನಾಟಕ' ಪರಿಷ್ಕರಣೆ. ಕನ್ನಡ, ಮರಾಠಿ ಎರಡರಲ್ಲೂ ಪರೀಕ್ಷೆ ಸಿದ್ಧವಾಯಿತು. ಬರೀ ಅನುವಾದ ಮಾಡಿದರೆ ಆಗಲ್ಲ. ಅಲ್ಲಿ ಏಳು ವರ್ಷಕ್ಕೆ ಸುಲಭವಾದ ಪ್ರಶ್ನೆ ಇಲ್ಲಿ ಒಂಬತ್ತಕ್ಕೂ ಕಷ್ಟ ಆಗಬಹುದು, ಅಥವಾ ಐದಕ್ಕೇ ನೀರು ಕುಡಿದಷ್ಟು ಸುಲಭ ಆಗಬಹುದು. ಇಲ್ಲಿನ ಮಕ್ಕಳನ್ನೇ ಕೂರಿಸಿ, ಕೇಳಿ, ಮಟ್ಟ ಗೊತ್ತುಮಾಡಬೇಕು. 1940ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅವರ ಪುಸ್ತಕ ಪ್ರಕಟಿಸಿತು. ಬಿನೆ-ಕಾಮತ್ ಪರೀಕ್ಷೆ ಅಂದರೆ ದೇಶದ ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ನಮ್ಮ ಎಷ್ಟು ಜನಕ್ಕೆ ಇದು ಧಾರವಾಡದ ಕೂಸು ಅಂತ ಗೊತ್ತು?

ಆದರೆ ನಾನು ಇಂಜಿನಿಯರಿಂಗ್ ಓದಿದವನು. ಯಾವ ಮೀಟರ್ ನೋಡಿದರೂ ಕೊನೇ ಸಲ ಕ್ಯಾಲಿಬ್ರೇಟ್ ಮಾಡಿದ್ದು ಯಾವಾಗ ಅಂತ ಕೇಳೋ ಚಟ. ಬಿನೆ-ಕಾಮತ್ ಈ ಶತಮಾನದಲ್ಲೂ ನಮ್ಮ ಕ್ಲಿನಿಕ್‌ಗಳಲ್ಲಿ ಬಳಕೆಯಲ್ಲಿದೆ. ಅಂದರೆ ಮೊಬೈಲ್ ಹಿಡಿದು ಬೆಳೆದ ಮಗುವನ್ನು ಹೋಲಿಸೋದು, ಸ್ವಾತಂತ್ರ್ಯಕ್ಕೂ ಮೊದಲಿನ ಧಾರವಾಡದ ಮಕ್ಕಳ ಜೊತೆ.

ಇದರಲ್ಲೇನು ತೊಂದರೆ? ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದ ಲೆಕ್ಕ ಇದು: 1932ರಿಂದ 1978ರೊಳಗೆ ಅಮೆರಿಕನ್ನರ ಸರಾಸರಿ ಸುಮಾರು 14 ಅಂಕ ಏರಿತ್ತು. ಹಳೆಯ ಮಾಪಕದಲ್ಲಿ ಅಳೆದರೆ ಇಂದಿನವರೆಲ್ಲ ಜಾಣರಾಗೇ ಕಾಣ್ತಾರೆ. ಖುಷಿ ಪಡಬೇಡಿ. ಬೌದ್ಧಿಕ ನ್ಯೂನತೆ ಅಂತ ಪರಿಗಣಿಸೋಕೆ ಸಾಮಾನ್ಯವಾಗಿ ಹಾಕುವ ಗೆರೆ ಐಕ್ಯೂ 70ರ ಆಸುಪಾಸು. ಇಂದಿನ ಸರಿಯಾದ ಅಳತೆಯಲ್ಲಿ 65 ಬರಬೇಕಾದ ಮಗುವಿಗೆ ಹಳೆಯ ಪಟ್ಟಿಯಲ್ಲಿ 76 ಬಂತು ಅಂದುಕೊಳ್ಳಿ. ಪ್ರಮಾಣಪತ್ರ ಸಿಗಲ್ಲ. ಪಿಂಚಣಿ ಇಲ್ಲ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಇಲ್ಲ. 'ಮಗು ಸರಿಯಾಗೇ ಇದೆ, ಓದಲ್ಲ ಅಷ್ಟೇ' ಅನ್ನೋ ಮಾತು ಕೇಳಿಸಿಕೊಂಡು ಆ ತಾಯಿ ಮನೆಗೆ ವಾಪಸ್ ಹೋಗ್ತಾಳೆ. 1904ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಹುಡುಕಲು ಹೊರಟಿದ್ದು ಅಂಥ ಮಗುವನ್ನೇ.