ಉಣ್ಣೆಯ ಜತೆ ಉಳಿದ ಕಥೆ

ಡಿಸೆಂಬರ್ ತಿಂಗಳಲ್ಲಿ ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹಗಲೆಂದರೆ ಸುಮಾರು ನಾಲ್ಕು ತಾಸು. ಉಳಿದದ್ದೆಲ್ಲ ಇರುಳು. ಈ ದೀರ್ಘ ಕತ್ತಲೆಯನ್ನು ಕಳೆಯಲು ಅಲ್ಲಿನ ರೈತ ಕುಟುಂಬಗಳು ಶತಮಾನಗಳ ಕಾಲ ಪಾಲಿಸಿದ ಪದ್ಧತಿಯ ಹೆಸರು ‘ಕ್ವೋಲ್ಡ್‌ವಾಕಾ’. ಅಂದರೆ ಸಂಜೆಯ ಜಾಗರಣೆ. ಮೈ ಮುಚ್ಚುವ ಬಟ್ಟೆಯ ಜತೆಗೆ ಒಂದು ಭಾಷೆಯ ಸಾಹಿತ್ಯವೂ ಉಳಿದು ಬಂದದ್ದು ಈ ಜಾಗರಣೆಯಲ್ಲಿ.

ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆ ಕಡೆಯಿಂದ ಬಂದು ನೆಲೆಸಿದವರು ತಮ್ಮೊಡನೆ ಕುರಿಗಳನ್ನೂ ತಂದರು. ಈ ಕುರಿಯ ಉಣ್ಣೆಗೆ ಎರಡು ಪದರ. ಹೊರಗಿನ ಉದ್ದ ಎಳೆ ಮಳೆನೀರನ್ನು ತಡೆಯುತ್ತದೆ; ಒಳಗಿನ ಮೃದು ಎಳೆ ಬೆಚ್ಚಗಿಡುತ್ತದೆ. ಇದರಿಂದ ನೇಯ್ದ ‘ವಾದ್‌ಮಾಲ್’ ಎಂಬ ದಪ್ಪ ಬಟ್ಟೆ ಮಧ್ಯಯುಗದಲ್ಲಿ ಹಣದಂತೆಯೇ ಚಲಾವಣೆಯಲ್ಲಿತ್ತು. ಹದಿನಾರನೆಯ ಶತಮಾನದಲ್ಲಿ ಹೆಣಿಗೆ ಬಂದ ಮೇಲೆ ಕಾಲುಚೀಲ, ಕೈಗವಸುಗಳು ಹಡಗು ಹತ್ತಿ ಹೊರದೇಶಗಳಿಗೆ ಹೋದವು.

ಈ ಕೆಲಸವೆಲ್ಲ ನಡೆಯುತ್ತಿದ್ದುದು ಹುಲ್ಲುಹೆಂಟೆಯ ಗೋಡೆಗಳ ಮನೆಯ ಒಂದೇ ಕೋಣೆಯಲ್ಲಿ. ‘ಬಾದ್‌ಸ್ತೋವಾ’ ಎಂಬ ಈ ಕೋಣೆಯಲ್ಲಿ ಯಜಮಾನ, ಮಕ್ಕಳು, ಆಳುಗಳು ಎಲ್ಲರೂ ಉಂಡು, ದುಡಿದು, ಅಲ್ಲಿಯೇ ಮಲಗುತ್ತಿದ್ದರು. ದೀಪದ ಎಣ್ಣೆ ಉಳಿಸಲು ಮುಸ್ಸಂಜೆಯಲ್ಲಿ ಒಂದು ಸಣ್ಣ ನಿದ್ದೆ. ಎದ್ದು ದೀಪ ಹಚ್ಚಿದ ಮೇಲೆ ಒಬ್ಬರು ಉಣ್ಣೆ ಹಿಂಜಿದರೆ, ಇನ್ನೊಬ್ಬರು ನೂಲುವರು, ಮತ್ತೊಬ್ಬರು ಹೆಣೆಯುವರು. ಓದು ಬಲ್ಲವನು ದೀಪದ ಬಳಿ ಕುಳಿತು ಪೂರ್ವಿಕರ ‘ಸಾಗಾ’ ಕಥೆಗಳನ್ನು ಓದುವನು, ಇಲ್ಲವೇ ‘ರೀಮುರ್’ ಎಂಬ ಕಥನಪದ್ಯಗಳನ್ನು ರಾಗವಾಗಿ ಹೇಳುವನು. ಕೊನೆಗೆ ಧರ್ಮಗ್ರಂಥದ ವಾಚನ, ಪ್ರಾರ್ಥನೆ.

ಇದು ಬರೀ ಮನರಂಜನೆಯಲ್ಲ. ಸ್ವಂತ ಜಮೀನಿಲ್ಲದವರು ಯಾವುದಾದರೂ ಹೊಲಮನೆಯಲ್ಲಿ ಸೇವೆಗೆ ಇರಲೇಬೇಕೆಂಬ ಕಟ್ಟಳೆಯಿದ್ದ ಕಾಲವದು. ಚಿಕ್ಕ ಮಕ್ಕಳಿಗೂ ಹೆಣಿಗೆಯ ಕೆಲಸ ತಪ್ಪುತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಹೊಸ ಉಡುಪು ಸಿಗದವರನ್ನು ದೈತ್ಯ ಬೆಕ್ಕೊಂದು ಹಿಡಿದುಕೊಳ್ಳುತ್ತದೆ ಎಂಬ ಜನಪದ ನಂಬಿಕೆಯ ಹಿಂದೆ, ಹಬ್ಬದೊಳಗೆ ಉಣ್ಣೆಯ ಕೆಲಸ ಮುಗಿಯಬೇಕೆಂಬ ಒತ್ತಾಯವನ್ನು ಕಾಣಬಹುದು. ದಣಿದ ಕಣ್ಣುಗಳು ಮುಚ್ಚದಂತೆ ನೋಡಿಕೊಂಡದ್ದು ಕಥೆ.

ಆದರೆ ಅದೇ ಕಥೆ ಆಳಿನ ಕಿವಿಗೂ ಯಜಮಾನನ ಕಿವಿಗೂ ಒಟ್ಟಿಗೇ ಬಿತ್ತು. ಡೆನ್ಮಾರ್ಕಿನ ಅರಸೊತ್ತಿಗೆ 1746ರಲ್ಲಿ ಹೊರಡಿಸಿದ ಗೃಹಶಿಸ್ತಿನ ಆಜ್ಞೆ, ಇಂಥ ಕಥೆ, ರೀಮುರ್‌ಗಳು ಧರ್ಮಕ್ಕೆ ತಕ್ಕುದಲ್ಲವೆಂದು ತಡೆಯಲು ನೋಡಿತು. ಜನ ಬಿಡಲಿಲ್ಲ. ಶಾಲೆಗಳು ವಿರಳವಾಗಿದ್ದರೂ ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಓದು ಬಲ್ಲವರೇ ಹೆಚ್ಚಾಗಿದ್ದರು. ಪಾದ್ರಿಗಳ ಉಸ್ತುವಾರಿಯಲ್ಲಿ ಮಕ್ಕಳು ಅಕ್ಷರ ಕಲಿತದ್ದು ಮನೆಯಲ್ಲೇ. ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದು 1907ರಲ್ಲಿ.

ಬಡತನ ಎಲ್ಲವನ್ನೂ ಉಳಿಯಗೊಡಲಿಲ್ಲ ಎಂಬುದೂ ನಿಜ. ಚರ್ಮದ ಹಾಳೆಯ ಹಳೆಯ ಹಸ್ತಪ್ರತಿಗಳನ್ನು ಉಡುಪಿನ ಅಳತೆಗೆ ಕತ್ತರಿಸಿಕೊಂಡದ್ದುಂಟು. ಹಾಳೆ ಹರಿದರೂ ಕಥೆ ಬಾಯಲ್ಲಿ, ಕಾಗದದ ನಕಲುಗಳಲ್ಲಿ ಮುಂದುವರಿಯಿತು. ಹದಿಮೂರನೆಯ ಶತಮಾನದ ಸಾಗಾಗಳನ್ನು ಇಂದಿನ ಐಸ್‌ಲೆಂಡಿನವರು ಹೆಚ್ಚು ತೊಡಕಿಲ್ಲದೆ ಓದಬಲ್ಲರು. ದ್ವೀಪದ ಏಕಾಂತದಷ್ಟೇ ಈ ಓದಿನ ರೂಢಿಯೂ ಅದಕ್ಕೆ ಕಾರಣ.

ಇಪ್ಪತ್ತನೆಯ ಶತಮಾನದಲ್ಲಿ ಜನ ಪಟ್ಟಣ ಸೇರಿದರು. 1930ರಲ್ಲಿ ರೇಡಿಯೊ ಬಂತು. ಜಾಗರಣೆ ನಿಂತಿತು. ಕತ್ತಿನ ಸುತ್ತ ಬಳೆಯಂತೆ ಚಿತ್ತಾರವಿರುವ ‘ಲೋಪಾಪೇಸಾ’ ಸ್ವೆಟರನ್ನು ಪ್ರವಾಸಿಗರು ಪುರಾತನವೆಂದೇ ಭಾವಿಸುತ್ತಾರೆ. ಅದು ರೂಢಿಗೆ ಬಂದದ್ದು ಕಳೆದ ಶತಮಾನದ ಮಧ್ಯದಲ್ಲಿ. ಆ ಹೆಸರಿಗೆ 2020ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು: ಉಣ್ಣೆ ಐಸ್‌ಲೆಂಡಿನ ಕುರಿಯದೇ ಆಗಿರಬೇಕು, ಹೆಣಿಗೆ ಅಲ್ಲಿಯೇ ಕೈಯಿಂದ ನಡೆದಿರಬೇಕು.

ಉಣ್ಣೆಗೆ ಹೀಗೆ ಕಾನೂನಿನ ಕಾವಲು ಸಾಧ್ಯ. ಒಂದೇ ದೀಪದ ಸುತ್ತ ಮನೆಮಂದಿಯೆಲ್ಲ ಕುಳಿತು ಕಥೆ ಕೇಳುತ್ತಿದ್ದ ಆ ಸಂಜೆಯನ್ನು ಯಾವ ಕಾನೂನೂ ಮರಳಿ ತರಲಾರದು.