ನೀನಾಸಮ್‌ನ ಸಮುದಾಯ ಕಲಾ ಕಾರ್ಯಕ್ರಮಗಳು

ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹವ್ಯಾಸಿ ನಾಟಕ ತಂಡವಾಗಿ ಹುಟ್ಟಿತು. ಅಡಿಕೆ ತೋಟಗಳ ನಡುವಿನ ಈ ಹಳ್ಳಿ ಮುಂದೆ ಪುಣೆಯ ಸಿನಿಮಾ ಸಂಸ್ಥೆಗಳು, ಕಾಲೇಜು ಅಧ್ಯಾಪಕರು ಮತ್ತು ಸಾಹಿತಿಗಳ ಜೊತೆ ಕೂಡಿ ನಡೆಸಿದ ಕೆಲಸ ಕರ್ನಾಟಕದ ಸಮುದಾಯ ಕಲೆಗೆ ಮಾದರಿಯಾಯಿತು. ಸಂಘವನ್ನು ದಶಕಗಳ ಕಾಲ ಮುನ್ನಡೆಸಿದ ಕೆ.ವಿ. ಸುಬ್ಬಣ್ಣ (1932–2005) ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಚಿತ್ರಸಮಾಜ

1973ರಲ್ಲಿ ಆರಂಭವಾದ ನೀನಾಸಮ್ ಚಿತ್ರಸಮಾಜ ಈ ಸಹಭಾಗಿತ್ವದ ಅತ್ಯಂತ ಫಲವತ್ತಾದ ಅಧ್ಯಾಯ ಎನ್ನಬಹುದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದೂರ್ ಹಾಗೂ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಬೆಳೆಸಿದ ಪಿ.ಕೆ. ನಾಯರ್ ಇದಕ್ಕೆ ಒತ್ತಾಸೆಯಾದರು. 1970ರ ದಶಕದ ಕೊನೆಯ ಹೊತ್ತಿಗೆ ಹೆಗ್ಗೋಡಿನಲ್ಲೇ ರಸಗ್ರಹಣ ಶಿಬಿರಗಳು ನಡೆಯತೊಡಗಿದವು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳು ಹಳ್ಳಿಯ ಮಾತುಕತೆಗೆ ಬಂದವು.

ಆಗಿನ ಸಾಧನ 16 ಎಂ.ಎಂ. ಪ್ರೊಜೆಕ್ಟರ್. ಈ ಅಳತೆಯ ಫಿಲ್ಮಿನ ಒಂದು ಅಡಿಯಲ್ಲಿ 40 ಚೌಕಟ್ಟುಗಳಿರುತ್ತವೆ. ಸೆಕೆಂಡಿಗೆ 24ರಂತೆ ಓಡಿದರೆ ನಿಮಿಷಕ್ಕೆ 36 ಅಡಿ ಖರ್ಚು. 1,600 ಅಡಿಯ ರೀಲು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಯಂತ್ರ ಒಂದೇ ಇದ್ದರೆ ರೀಲು ಬದಲಿಸುವ ತನಕ ಪರದೆ ಖಾಲಿ. ಒಂದೂವರೆ ಗಂಟೆಯ ‘ಬೈಸಿಕಲ್ ಥೀವ್ಸ್’ (1948) ಹೀಗೆ ನಡುವೆ ನಿಲ್ಲಬೇಕು. ತಂದೆ ಮಗ ಸೈಕಲ್ ಹುಡುಕುತ್ತ ಅಲೆಯುವಾಗ ದೀಪ ಹೊತ್ತಿದರೆ, ಪಕ್ಕದವರ ಮುಖ ನೋಡಿ ಮಾತಾಡಲು ಅದೇ ಬಿಡುವು. ಯಂತ್ರದ ಮಿತಿಯೂ ಸಾಮೂಹಿಕ ನೋಟಕ್ಕೆ ಒದಗಿರಬೇಕು. ದಶಕಗಳ ಬಳಿಕ ನಾಯರ್ ಅವರನ್ನು ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ತಾವು ಕಂಡ ಚಿತ್ರಗಳನ್ನು ನೆನೆದಿದ್ದಾರೆ.

ಜನಸ್ಪಂದನ

ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 1980ರ ದಶಕದ ಮೊದಲರ್ಧದಲ್ಲಿ ನಡೆದ ಈ ಯೋಜನೆ ರಂಗ ಶಿಬಿರಗಳನ್ನೂ ಚಿತ್ರ ಶಿಬಿರಗಳನ್ನೂ ರಾಜ್ಯದ ಬೇರೆ ಬೇರೆ ಊರುಗಳಿಗೆ ಒಯ್ದಿತು. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರೊಡನೆ ಚಿದಂಬರರಾವ್ ಜಂಬೆ ಮಾಡಿಸಿದ ನಾಟಕ ಆ ಕಾಲದ ಮಹತ್ವದ ಪ್ರಯೋಗ. ಅದಕ್ಕೆ ಆಧಾರ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ. ಆಫ್ರಿಕಾದ ಒಂದು ಊರು ವಸಾಹತು ಆಳ್ವಿಕೆಗೆ ಸಿಕ್ಕಿ ಒಡೆಯುವ ಕಥೆಯನ್ನು, ಆಫ್ರಿಕಾ ಮೂಲದ ಕನ್ನಡಿಗರು ಮಲೆನಾಡಿನಲ್ಲಿ ನಿಂತು ಆಡಿದರು. ಕೃತಿಯ ಆಯ್ಕೆಯೇ ಇಲ್ಲಿ ಅರ್ಧ ಕೆಲಸ ಮಾಡಿತ್ತು.

ರಂಗಶಿಕ್ಷಣ, ತಿರುಗಾಟ

ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರು ಸುತ್ತುವ ‘ತಿರುಗಾಟ’ 1985ರಲ್ಲಿ ಶುರುವಾದವು. ತರಬೇತಿ ಪಡೆದ ನಟರಿಗೆ ವೃತ್ತಿಯೂ ಸಣ್ಣ ಊರುಗಳಿಗೆ ಹೊಸ ನಾಟಕಗಳೂ ಒಟ್ಟಿಗೆ ದಕ್ಕಿದವು.

ಸಂಸ್ಕೃತಿ ಶಿಬಿರ

ಸಾಮಾನ್ಯವಾಗಿ ದಸರೆಯ ಆಸುಪಾಸಿನಲ್ಲಿ, ಅಡಿಕೆ ಕೊಯ್ಲಿಗೆ ಮುನ್ನ ನಡೆಯುವ ಶಿಬಿರವಿದು. ಯು.ಆರ್. ಅನಂತಮೂರ್ತಿಯವರಂಥ ಲೇಖಕರು ಇದರ ಜೊತೆ ದೀರ್ಘಕಾಲ ಒಡನಾಡಿದರು. ಹಗಲು ಉಪನ್ಯಾಸ, ಚರ್ಚೆ, ಸಂಜೆ ನಾಟಕ. ಮರುದಿನ ಬೆಳಿಗ್ಗೆ ಹಿಂದಿನ ಸಂಜೆಯ ನಾಟಕವೇ ಚರ್ಚೆಯ ಪಾಠವಾಗುತ್ತದೆ, ನಿರ್ದೇಶಕರು ಶಿಬಿರಾರ್ಥಿಗಳ ಎದುರು ಕೂತು ಉತ್ತರಿಸುತ್ತಾರೆ.