‘ಕಟ್ಟು’ ಮತ್ತು ‘ಕಡು’: ಒಂದು ಶಬ್ದವಿಚಾರ

ಕಟ್ಟುನಿಟ್ಟು, ಕಟ್ಟಳೆ, ಕಟ್ಟುಪಾಡು, ಕಟ್ಟಾಜ್ಞೆ ಈ ನಾಲ್ಕೂ ಒಂದೇ ಮೂಲದವೆಂದು ಮೇಲ್ನೋಟಕ್ಕೆ ತೋರುತ್ತವೆ. ಆದರೆ ಕೊನೆಯದು ಬೇರೆ ಕುಲದ್ದೆಂಬುದು ನಮ್ಮ ಅಭಿಪ್ರಾಯ. ಕಟ್ಟಾಳು, ಕಟ್ಟಾಸೆ ಎಂಬಲ್ಲಿರುವುದು ‘ಕಟ್ಟು’ ಅಲ್ಲ, ‘ಕಡು’. ಸ್ವರವು ಪರವಾದಾಗ ಅದು ಹೀಗೆ ಮಾರ್ಪಡುತ್ತದೆ. ಕಟ್ಟಾಜ್ಞೆಯನ್ನೂ ಇದೇ ಸಾಲಿನಲ್ಲಿಡುವುದು ಯುಕ್ತ. ‘ಕಡು’ ಎಂದರೆ ತೀಕ್ಷ್ಣತೆ. ‘ಕಟ್ಟು’ ಎಂದರೆ ಬಂಧ. ತೀಕ್ಷ್ಣತೆಯನ್ನು ಒಬ್ಬನೇ ತೋರಬಲ್ಲನು. ಬಂಧಕ್ಕೆ ಇಬ್ಬರು ಬೇಕು.

ಈ ಭೇದವು ವ್ಯಾಕರಣಮಾತ್ರದ್ದಲ್ಲವೆಂಬುದಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಚರಿತ್ರೆಯೇ ನಿದರ್ಶನ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇಸಾಯವು ಬಹುಕಾಲ ಕೆರೆಗಳನ್ನೇ ನಂಬಿತ್ತು. ಕೆರೆ ಕಟ್ಟಿಸಿದವನಿಗೆ ಬಿಟ್ಟ ಭೂಮಿಯನ್ನು ಮೈಸೂರು ಸೀಮೆಯ ಶಾಸನಗಳು ‘ಕಟ್ಟುಕೊಡಗೆ’ ಎನ್ನುತ್ತವೆ. ತೂಬಿನ ನೀರನ್ನು ಸರದಿಯಂತೆ ಗದ್ದೆಗಳಿಗೆ ಹಂಚುವುದು ನೀರುಗಂಟಿಯ ಕೆಲಸವಾಗಿತ್ತು. ಮೇಲಿನ ಗದ್ದೆಯವನು ಸರದಿ ಮೀರಿದರೆ ಕೆಳಗಿನವನ ಪೈರು ಒಣಗುತ್ತಿತ್ತು. ಆದುದರಿಂದ ಇಲ್ಲಿಯ ಬಿಗಿಯು ಎಲ್ಲರನ್ನೂ ಕಟ್ಟಿಹಾಕುವ ಬಿಗಿ. ಇಲ್ಲಿ ಕನ್ನಡದೊಡನೆ ಬಳಕೆಯಲ್ಲಿರುವ ತೆಲುಗಿನಲ್ಲಿಯೂ ‘ಕಟ್ಟುಬಾಟು’, ‘ಕಟ್ಟುದಿಟ್ಟಂ’ ಎಂಬ ಶಬ್ದಗಳು ಇದೇ ಧಾತುವಿನವು.

ಇನ್ನು ‘ಕಡು’ವಿನ ನಿದರ್ಶನ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜಸತ್ಯಾಗ್ರಹವು ನಡೆದ ಮೇಲೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿಯೂ ಜನರು ನಿಷೇಧಾಜ್ಞೆಯನ್ನು ಮೀರಿ ಸೇರಿದರು. ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದರು. ಮಡಿದವರು 32 ಮಂದಿ ಎಂಬುದು ಜನಸ್ಮೃತಿ; ಸರ್ಕಾರದ ಲೆಕ್ಕವು ಅದಕ್ಕಿಂತ ಬಹಳ ಕಡಿಮೆ. ಆಜ್ಞೆಯು ಕಟುವಾಗಿತ್ತು, ಆದರೆ ಜನರು ಅದಕ್ಕೆ ಕಟ್ಟುಬಿದ್ದಿರಲಿಲ್ಲ. ಮುಂದಿನ ತಿಂಗಳೇ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ, ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಸಮ್ಮತಿ ದೊರೆಯಿತು. ಗುಂಡಿನಿಂದ ನಿಲ್ಲದ ವ್ಯವಸ್ಥೆಯು ಉಭಯರನ್ನೂ ಬಂಧಿಸುವ ಮಾತಿನಿಂದ ನಿಂತಿತು.

ನಮ್ಮ ಪಾಠಗಳಲ್ಲಿ ‘ಕಟ್ಟುನಿಟ್ಟಿನ ಆಡಳಿತ’ ಎಂಬುದು ಪ್ರಶಂಸೆಯ ಮಾತಾಗಿ ರೂಢಿಯಲ್ಲಿದೆ. ಅದನ್ನು ಯಾವ ಅರಸನಿಗೆ, ಯಾವ ಅಧಿಕಾರಿಗೆ ಅನ್ವಯಿಸುವ ಮೊದಲೂ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಆ ಕಟ್ಟಿಗೆ ಆಳುವವನೂ ಒಳಪಟ್ಟಿದ್ದನೇ? ಇಲ್ಲವಾದರೆ ಅದು ಕಟ್ಟಲ್ಲ, ಬರಿಯ ಕಡುತನ.